ಮೂರನೇ ಕಾಲಮಿನ ಹುಲ್ಲು

ಪಹಣಿ ಕೈಗೆ ಸಿಕ್ಕಿದರೆ ಎಲ್ಲರೂ ಮೊದಲು ನೋಡುವುದು ಒಂಬತ್ತನೇ ಕಾಲಂ, ಅಲ್ಲಿ ಹೆಸರಿರುತ್ತದೆ. ಆಮೇಲೆ ಹನ್ನೊಂದು, ಅಲ್ಲಿ ಸಾಲ ಕೂತಿರುತ್ತದೆ. ಮೂರನೇ ಕಾಲಮಿನ ಮೇಲೆ ಯಾರ ಕಣ್ಣೂ ನಿಲ್ಲುವುದಿಲ್ಲ. ನನ್ನ ಕಣ್ಣು ನಿಲ್ಲಲು ಕಾರಣ ಹೊಟ್ಟೆಪಾಡು. ಬ್ಯಾಂಕಿನ ಕೃಷಿ ಸಾಲದ ವಿಭಾಗದಲ್ಲಿ, ಹೆಚ್ಚಾಗಿ ಕಡೂರು, ಬೀರೂರು, ಅರಸೀಕೆರೆ ಕಡೆಯ ಶಾಖೆಗಳಲ್ಲಿ ಕೆಲಸ ಮಾಡಿದವನು ನಾನು. ಎಕರೆಗೆ ಇಷ್ಟು ಎಂದು ಸಾಲ ಲೆಕ್ಕ ಹಾಕುವಾಗ ಒಟ್ಟು ವಿಸ್ತೀರ್ಣ ಹಿಡಿಯುವಂತಿಲ್ಲ. ಒಟ್ಟು ವಿಸ್ತೀರ್ಣ, ಫೂಟ್ ಖರಾಬು (ಅ), ಫೂಟ್ ಖರಾಬು (ಬ), ಉಳಿದದ್ದು ಎಂದು ಮೂರನೇ ಕಾಲಂ ನಾಲ್ಕು ಸಾಲಾಗಿ ಒಡೆದಿರುತ್ತದೆ. ಬ್ಯಾಂಕಿಗೆ ಬೇಕಾದ್ದು ಆ 'ಉಳಿದದ್ದು' ಮಾತ್ರ. ಖರಾಬನ್ನು ಕಳೆದು, ಮಿಕ್ಕಿದ್ದಕ್ಕೆ ದುಡ್ಡು.

ವರ್ಷಗಟ್ಟಲೆ ಹೀಗೆ ಕಳೆಯುತ್ತಾ ಕೂತವನಿಗೆ ಒಂದು ಹಂತದಲ್ಲಿ ಈ ಖರಾಬು ಅಂದರೆ ಏನು ಎಂಬ ಕುತೂಹಲ ಹುಟ್ಟದೆ ಇರುವುದಿಲ್ಲ. ಮೋಟರ್ ಖರಾಬಾಯ್ತು, ಹೊಟ್ಟೆ ಖರಾಬಾಗಿದೆ ಅನ್ನುತ್ತೇವಲ್ಲ, ಅದೇ ಖರಾಬು. ಅರಬ್ಬಿಯಿಂದ ಉರ್ದುವಿಗೆ, ಅಲ್ಲಿಂದ ಕಚೇರಿಗೆ, ಕಚೇರಿಯಿಂದ ನಮ್ಮ ಬಾಯಿಗೆ ಬಂದ ಮಾತು. ಹಾಳು, ಕೆಟ್ಟದ್ದು ಎಂಬ ಅರ್ಥ. ಮುಂದಿನ 'ಫೂಟ್' ಮರಾಠಿಯ ಪೋಟ್, ಅಂದರೆ ಹೊಟ್ಟೆ. ಒಂದು ಸರ್ವೆ ನಂಬರಿನ ಹೊಟ್ಟೆಯೊಳಗೆ ಇರುವ ಸಾಗುವಳಿಗೆ ಬಾರದ ತುಂಡು. ಮೈಸೂರು ಸೀಮೆಯಲ್ಲಿ 1863ರಿಂದ ಮುಂಬಯಿ ಪದ್ಧತಿಯ ಮೇಲೆ ಕಂದಾಯ ಸರ್ವೆ ಶುರುವಾದಾಗ ಸರಪಳಿ, ಕಲ್ಲು, ನಕಾಶೆಗಳ ಜೊತೆಗೆ ಈ ಶಬ್ದಗಳೂ ಮುಂಬಯಿ ದಾರಿ ಹಿಡಿದು ಬಂದವು. ಹಾಗಾಗಿ ಕನ್ನಡವೇ ಗೊತ್ತಿದ್ದ ಊರಿನ ಕನ್ನಡದ್ದೇ ಹೊಲದ ಹೊಟ್ಟೆಯಲ್ಲಿ ಅರಬ್ಬಿಯೂ ಮರಾಠಿಯೂ ಸೇರಿ ಕೂತಿವೆ.

ಕರ್ನಾಟಕ ಭೂಕಂದಾಯ ನಿಯಮಗಳು 1966ರಲ್ಲಿ ಬಂದಾಗ ಇದನ್ನು ಎರಡು ಮಾಡಿ ವಿವರಿಸಿದರು. ಸರ್ವೆ ಕಾಲದಲ್ಲಿ ಬೇಸಾಯಕ್ಕೆ ಯೋಗ್ಯವಲ್ಲ ಎಂದು ವರ್ಗ ಮಾಡಿದ ಜಾಗ 'ಅ' ಖರಾಬು. ಹಿಡುವಳಿದಾರನದೇ ಕೊಟ್ಟಿಗೆ, ಹೊಲದ ಮನೆ, ಒಕ್ಕಣೆಯ ಕಣವೂ ಇದರಲ್ಲೇ ಬರುತ್ತವೆ. ಇನ್ನು ಸಾರ್ವಜನಿಕ ಉದ್ದೇಶಕ್ಕೆ ಬಿಟ್ಟದ್ದು, ರಸ್ತೆ, ಕಾಲುದಾರಿ, ಬೇರೆಯವರೂ ನೀರು ಬಳಸುವ ಕೆರೆ, ಹಳ್ಳ, ಸ್ಮಶಾನ, ಕುಂಬಾರರು ಮಣ್ಣು ತೆಗೆಯುವ ಜಾಗ, ಇವೆಲ್ಲ 'ಬ' ಖರಾಬು.

ಈ ಪಟ್ಟಿಯನ್ನು ಇನ್ನೊಂದು ಸಲ ಓದಿ ನೋಡಿ. ರಾಗಿ ಒಕ್ಕುವ ಕಣ ಖರಾಬು. ಕುಡಿಯುವ ನೀರಿನ ಹಳ್ಳ ಖರಾಬು. ಊರಿಗೆ ಹೋಗುವ ದಾರಿ ಖರಾಬು, ಸತ್ತ ಮೇಲೆ ಮಲಗುವ ನೆಲವೂ ಖರಾಬು. ಒಬ್ಬ ರೈತನ ಬದುಕಿನಲ್ಲಿ ಇವಿಷ್ಟನ್ನೂ ತೆಗೆದರೆ 'ಉಳಿದದ್ದು' ಏನು ಎಂದು ಕೇಳಬಹುದು. ಆದರೆ ಶಾನುಭೋಗರ ಮೇಲೆ ಸಿಟ್ಟಾಗುವುದರಲ್ಲಿ ಅರ್ಥವಿಲ್ಲ. ಅವರು ಈ ಶಬ್ದ ಬರೆದಾಗ ನೆಲದ ಗುಣ ಹೇಳಲಿಲ್ಲ, 'ಇಲ್ಲಿಂದ ಕಂದಾಯ ಬರುವುದಿಲ್ಲ' ಎಂದು ಮಾತ್ರ ಹೇಳಿದರು. ಕಣದಲ್ಲಿ ಬೆಳೆ ಬೆಳೆಯುವುದಿಲ್ಲ, ಬೆಳೆಯದ ಮೇಲೆ ಕಂದಾಯವಿಲ್ಲ, ಆದ್ದರಿಂದ ಖರಾಬು. ಲೆಕ್ಕದ ಪುಸ್ತಕದ ಒಳಗೆ ಅದು ಸರಿಯಾದ ಮಾತೇ. ಅಷ್ಟೇ ಅಲ್ಲ, 'ಬ' ಖರಾಬು ಅಂತ ಬರೆದದ್ದರಿಂದಲೇ ಎಷ್ಟೋ ಹಳ್ಳ, ಎಷ್ಟೋ ಬಂಡಿದಾರಿ ಇವತ್ತಿಗೂ ಯಾರ ಹೆಸರಿಗೂ ಆಗದೆ ಬದುಕಿವೆ. ರಿಯಲ್ ಎಸ್ಟೇಟಿನವರನ್ನು ಕೇಳಿ ನೋಡಿ, ಅವರಿಗೆ ಅತ್ಯಂತ ತಲೆನೋವಿನ ಅಕ್ಷರ ಯಾವುದು ಅಂತ. 'ಬ' ಅಂತಾರೆ.

ತೊಂದರೆ ಶುರುವಾದದ್ದು ಲೆಕ್ಕದ ಮಾತು ಲೆಕ್ಕದ ಪುಸ್ತಕ ಬಿಟ್ಟು ಹೊರಗೆ ಬಂದಾಗ.

ಪರಿಸರದ ಬಗ್ಗೆ ಬರೆಯುವವರು, ಮಾತಾಡುವವರು ಬಳಸುವ 'ಪಾಳುಭೂಮಿ' ಎಂಬ ಪಾರಿಭಾಷಿಕ ಪದ ಇದೆಯಲ್ಲ, ಅದು ಈ ಖರಾಬಿನ ಖಾಸಾ ತಮ್ಮ. 1985ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಪಾಳುಭೂಮಿ ಅಭಿವೃದ್ಧಿ ಮಂಡಳಿ ಸ್ಥಾಪಿಸಿ, ವರ್ಷಕ್ಕೆ 50 ಲಕ್ಷ ಹೆಕ್ಟೇರಿನಲ್ಲಿ ಮರ ಬೆಳೆಸುವ ಗುರಿ ಇಟ್ಟಿತು. ಮಂಡಳಿ ಇದ್ದದ್ದು ಪರಿಸರ ಮತ್ತು ಅರಣ್ಯ ಸಚಿವಾಲಯದ ಕೆಳಗೆ. ನೂರು ವರ್ಷ ಕಂದಾಯದವರ ಮಾತಾಗಿದ್ದದ್ದು ಒಮ್ಮೆಗೇ ಪರಿಸರದವರ ಮಾತಾಯಿತು. ಮುಂದೆ ಉಪಗ್ರಹ ಚಿತ್ರ ನೋಡಿ ದೇಶದ ಪಾಳುಭೂಮಿಯ ಭೂಪಟಗಳನ್ನೇ ಮಾಡಿದರು. 2019ರ ಆವೃತ್ತಿಯ ಪ್ರಕಾರ ದೇಶದ ಶೇ 17ರಷ್ಟು ನೆಲ ಪಾಳು. ಅದರ ವರ್ಗಗಳಲ್ಲಿ ಉಪ್ಪು ಹತ್ತಿದ ನೆಲ, ಗಣಿ ತೋಡಿ ಬಿಟ್ಟ ನೆಲ, ಬರಿ ಬಂಡೆ ಇವುಗಳ ಜೊತೆಯಲ್ಲೇ ಕುರುಚಲು ಇರುವ ನೆಲ, ಸೊರಗಿದ ಮೇವಿನ ನೆಲ ಕೂಡ ಇವೆ. ಗಣಿ ತೋಡಿದ ಗುಂಡಿಯೂ ಕುರಿ ಮೇಯುವ ಕುರುಚಲೂ ಒಂದೇ ಹೊದಿಕೆಯ ಪುಸ್ತಕದಲ್ಲಿ.

ಕನ್ನಡದಲ್ಲಿ ಉಳುಮೆಗೆ ಬಾರದ ನೆಲಕ್ಕೆ ಪದಗಳಿಗೇನೂ ಬರವಿಲ್ಲ. ಆದರೆ ಒಂದೊಂದಕ್ಕೂ ಒಂದೊಂದು ನಡತೆ. ಬೀಳು ಅಂದರೆ ಬಿತ್ತದೆ ಬಿಟ್ಟದ್ದು. ಈ ವರ್ಷ ಬೀಳು ಬಿದ್ದ ಹೊಲ ಮುಂದಿನ ವರ್ಷ ಜೋಳ ಕೊಡಬಹುದು, ಅದರಲ್ಲಿ ತಪ್ಪು ನೆಲದ್ದಲ್ಲ, ಮಳೆಯದ್ದೋ ಮನೆಯವರದ್ದೋ. ಪಾಳು ಅಂದರೆ ಜನ ಬಿಟ್ಟುಹೋದದ್ದು: ಪಾಳುಬಾವಿ, ಪಾಳುಮನೆ. ಹಿಂದೆ ಅಲ್ಲಿ ಏನೋ ಇತ್ತು, ಈಗ ಇಲ್ಲ ಎಂಬ ಕತೆ ಆ ಪದದೊಳಗೇ ಇದೆ. ಬರಡು ಅಂದರೆ ಹೆರದ್ದು. ಹಸುವಿಗೂ ಹೇಳುತ್ತೇವೆ, ನೆಲಕ್ಕೂ ಹೇಳುತ್ತೇವೆ, ಎರಡು ಕಡೆಯೂ ಕೇಳುವವರ ಮನಸ್ಸು ನೋಯುತ್ತದೆ. ಬಂಜರು ಹಿಂದಿ ಕಡೆಯಿಂದ ಬಂದದ್ದು, ಬರಡಿನ ಸರ್ಕಾರಿ ರೂಪ. ಈ ನಾಲ್ಕನ್ನೂ ಸಾಲಾಗಿ ನಿಲ್ಲಿಸಿದರೆ ಒಂದು ವಿಷಯ ಗೊತ್ತಾಗುತ್ತದೆ. ಎಲ್ಲವೂ ನೇಗಿಲ ಹಿಂದೆ ನಿಂತವನು ಆಡಿದ ಮಾತುಗಳು. ನೇಗಿಲು ಇಳಿದರೆ ಹೊಲ, ಇಳಿಯದಿದ್ದರೆ ಇವುಗಳಲ್ಲಿ ಯಾವುದೋ ಒಂದು.

ದನದ ಹಿಂದೆ, ಕುರಿಯ ಹಿಂದೆ ನಡೆದವರ ಮಾತು ಬೇರೆ ಇದೆ. ಅವರು ಅದನ್ನು ಕಾವಲು ಅಂದರು.

ನಮ್ಮ ಜಿಲ್ಲೆಯ ಪೂರ್ವದ ಪಾಲು, ಅಂದರೆ ಕಡೂರು, ಬೀರೂರು, ಅಜ್ಜಂಪುರ, ಹಾಸನ ಜಿಲ್ಲೆಗೆ ದಾಟಿದರೆ ಅರಸೀಕೆರೆ, ಇದು ಹೊರಗಿನವರಿಗೆ ಚಿಕ್ಕಮಗಳೂರೇ ಅಲ್ಲ. ಚಿಕ್ಕಮಗಳೂರು ಎಂದರೆ ಕಾಫಿ, ಮಂಜು, ಹೋಂಸ್ಟೇ. ವರ್ಷಕ್ಕೆ ಹೆಚ್ಚೆಂದರೆ ಆರೇಳು ನೂರು ಮಿಲಿಮೀಟರ್ ಮಳೆ ಕಾಣುವ ನಮ್ಮ ಕಡೆಗೆ ಯಾವ ರೀಲ್ಸಿನವರೂ ಬರುವುದಿಲ್ಲ. ಬಂದರೂ ರೈಲಿನ ಕಿಟಕಿಯಿಂದ ನೋಡಿ "ಎಷ್ಟು ಖಾಲಿ ಜಾಗ" ಅನ್ನುತ್ತಾರೆ. ಆ ಖಾಲಿ ಜಾಗದ ಪೂರ್ತಿ ಹೆಸರು ಅಮೃತಮಹಲ್ ಕಾವಲು.

ಮೈಸೂರು ಅರಸರ ಕಾಲದಲ್ಲಿ ಇದು ಬೆಣ್ಣೆ ಚಾವಡಿ. ಚಿಕ್ಕದೇವರಾಜ ಒಡೆಯರ ಆಡಳಿತದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸುವ ದನಗಳಿಗೆ ಒಂದು ಇಲಾಖೆಯೇ ಇತ್ತು, ಅವುಗಳಿಗೆಂದು ಹುಲ್ಲಿನ ನೆಲಗಳನ್ನು ಕಾಯ್ದಿಟ್ಟಿದ್ದರು. ಹೈದರಾಲಿ ಆ ಎತ್ತುಗಳನ್ನು ದಂಡಿನ ಸಾಮಾನು ಎಳೆಯಲು ಹಚ್ಚಿದ. ಟಿಪ್ಪು ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟ. ಬೂದು ಮೈ, ಹಿಂದಕ್ಕೆ ಬಾಗಿ ಮೇಲೆದ್ದ ಚೂಪು ಕೊಂಬು, ಓಡಿದರೆ ಕುದುರೆಗೆ ಸಾಟಿ ಎಂದು ಹೆಸರಾದ ದನ. ಫಿರಂಗಿಯ ಗಾಡಿ ಎಳೆದುಕೊಂಡು ದಿನಕ್ಕೆ ಹರದಾರಿಗಟ್ಟಲೆ ನಡೆಯುತ್ತಿದ್ದ ಆ ಎತ್ತುಗಳ ಬಲ ಎಲ್ಲಿಂದ ಬಂತು? ಈ 'ಖಾಲಿ' ಜಾಗದ ಹುಲ್ಲಿನಿಂದ. ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿ ಇಟ್ಟಿದ್ದರು. ಬೇಸಿಗೆಯದಕ್ಕೆ ಕೆರೆಯಂಗಳ ಬೇಕು, ಮರದ ನೆರಳು ಬೇಕು. ಮಳೆಗಾಲದ್ದಕ್ಕೆ ನೀರು ನಿಲ್ಲದ ದಿಬ್ಬ ಬೇಕು. ಯಾವ ಹುಲ್ಲನ್ನು ಯಾವ ತಿಂಗಳು ಮೇಯಿಸಬೇಕು, ಯಾವಾಗ ಬಿಡಬೇಕು ಎಂಬ ಲೆಕ್ಕವಿಲ್ಲದೆ ಈ ವಿಂಗಡಣೆ ಸಾಧ್ಯವಿಲ್ಲ. ಹತ್ತೊಂಬತ್ತನೇ ಶತಮಾನದ ದಾಖಲೆಗಳಲ್ಲಿ ಕಾವಲುಗಳ ಒಟ್ಟು ವಿಸ್ತೀರ್ಣ ನಾಲ್ಕು ಲಕ್ಷ ಎಕರೆಗೂ ಮಿಗಿಲು. ಈಗ ಉಳಿದಿರುವುದು ಅದರ ಒಂದು ಚೂರು. ತಳಿ ಮಾತ್ರ ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದಲ್ಲಿ ಉಳಿದುಕೊಂಡಿದೆ.

ಕಾವಲು ಅಂದರೆ ಕಾಯುವುದು. ಅದು ನೆಲದ ಹೆಸರಾಗುವ ಮೊದಲು ಒಂದು ಕೆಲಸದ ಹೆಸರು. ನಾವು ದಿನಾ ಬಳಸುವ 'ಹುಲ್ಲುಗಾವಲು' ಎಂಬ ಪದವನ್ನೇ ಬಿಡಿಸಿ, ಹುಲ್ಲು, ಕಾವಲು. ಕಾಯ್ದ ಹುಲ್ಲು. ಕನ್ನಡಕ್ಕೆ ಇದೊಂದು ಪದ ತಾನಾಗಿಯೇ ಸಿಕ್ಕಿದೆ, ಶಾಲೆಯ ಪರಿಸರ ಅಧ್ಯಯನದ ಪುಸ್ತಕದಲ್ಲೂ ಇದೆ. ಆದರೆ ನಮ್ಮ ಹುಡುಗರು ಅದನ್ನು ಓದುವುದು ಆಫ್ರಿಕಾದ ಸವನ್ನಾ ಪಾಠದಲ್ಲಿ. ಸಿಂಹ, ಜಿರಾಫೆ, ಹುಲ್ಲುಗಾವಲು. ಬೀರೂರಿನ ಆಚೆಗಿರುವುದು ಅವರಿಗೆ ಖಾಲಿ ಜಾಗ, ಕ್ರಿಕೆಟ್ ಆಡಲು ಒಳ್ಳೆಯದು.

ಒಂದೇ ನೆಲ. ದನ ಬೇಕಾದಾಗ ಕಾವಲು. ಕಂದಾಯ ಬೇಕಾದಾಗ ಖರಾಬು. ಅಂಕಿಅಂಶ ಬೇಕಾದಾಗ ಪಾಳು. ಹುಲ್ಲಿಗೆ ಇದೊಂದೂ ಗೊತ್ತಿಲ್ಲ. ಜೂನಿನಲ್ಲಿ ಎರಡು ಮಳೆ ಬಿದ್ದರೆ ಗರಿಕೆ ಕೆಳಗಿನಿಂದ ಏಳುತ್ತದೆ, ಕರಡ ಆಳೆತ್ತರ ಬರುತ್ತದೆ, ಹಂಚಿಕಡ್ಡಿ ಬಲಿತರೆ ಪೊರಕೆ ಕಟ್ಟುವವರು ಬರುತ್ತಾರೆ. ಫೆಬ್ರವರಿಯಲ್ಲಿ ನೋಡಿದವರಿಗೆ ಸತ್ತಂತೆ ಕಾಣುವುದೂ ನಿಜ. ಹುಲ್ಲಿನ ಜೀವ ಮೇಲಿಲ್ಲ. ಮರದ ಬೆಳೆಯುವ ತುದಿ ಮೇಲಿರುತ್ತದೆ, ಚಿವುಟಿದರೆ ನೋವು; ಹುಲ್ಲಿನ ಬೆಳೆಯುವ ಮೊಳಕೆ ನೆಲದ ಮಟ್ಟದಲ್ಲೋ ಅದರ ಕೆಳಗೋ ಇರುತ್ತದೆ. ಆದ್ದರಿಂದ ದನ ಮೇಯ್ದರೂ ಬೆಂಕಿ ಬಿದ್ದರೂ ಮತ್ತೆ ಬರುತ್ತದೆ. ಅದು ಕೂಡಿಟ್ಟ ಇಂಗಾಲದ ಹೆಚ್ಚಿನ ಪಾಲು ಬೇರಿನಲ್ಲಿ, ಮಣ್ಣಿನಲ್ಲಿ. ಫೋಟೋ ತೆಗೆದರೆ ಅದು ಕಾಣುವುದಿಲ್ಲ, ಹಾಗಾಗಿ ವರದಿಗಳಿಗೆ ಹೊಂದುವುದಿಲ್ಲ.

ಕಡೂರು ತಾಲ್ಲೂಕಿನ ಬಾಸೂರಿನ ಅಮೃತಮಹಲ್ ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು, ಕೃಷ್ಣಮೃಗಗಳಿಗಾಗಿ. ಏಳು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು. ಸಣ್ಣದೇ. ಬೆಳಿಗ್ಗೆ ಬೇಗ ಹೋದರೆ ಸುರುಳಿ ಕೊಂಬಿನ ಗಂಡು ಒಂದು ಕಡೆ ನಿಂತಿರುತ್ತದೆ, ಹೆಣ್ಣುಗಳು ಮೇಯುತ್ತಿರುತ್ತವೆ. ಕೃಷ್ಣಮೃಗಕ್ಕೆ ಕಾಡು ಆಗುವುದಿಲ್ಲ. ಅದರ ಬದುಕು ನಿಂತಿರುವುದು ದೂರ ನೋಡುವುದರ ಮೇಲೆ, ನೋಡಿದ ಮೇಲೆ ಓಡುವುದರ ಮೇಲೆ. ನಡುವೆ ಮರ ನೆಟ್ಟರೆ ಎರಡೂ ಹೋಯಿತು. ಗೌಜಲು, ಬುರ್ಲಿ, ಟಿಟ್ಟಿಭ ಇವೆಲ್ಲ ನೆಲದ ಮೇಲೇ ಮೊಟ್ಟೆ ಇಡುವ ಹಕ್ಕಿಗಳು. ಇವಕ್ಕೆ ಮರ ಅಂದರೆ ಹದ್ದು ಕೂರುವ ಜಾಗ. ತೋಳವನ್ನಂತೂ ಕೇಳುವವರೇ ಇಲ್ಲ. ಅದು ಹುಲಿಯಂತೆ ಮೀಸಲು ಅರಣ್ಯದಲ್ಲಿ ಅವಿತು ಬದುಕುವ ಪ್ರಾಣಿಯಲ್ಲ, ನಮ್ಮ ಕುರಿ ಹಟ್ಟಿಗಳ ಆಸುಪಾಸಿನ ಬಯಲಿನದು.

ಇನ್ನು ಪಶ್ಚಿಮಕ್ಕೆ ಬನ್ನಿ. ಅದೇ ಜಿಲ್ಲೆ, ಬೇರೆಯೇ ಲೋಕ. ಮುಳ್ಳಯ್ಯನಗಿರಿ, 1,930 ಮೀಟರ್, ರಾಜ್ಯದಲ್ಲೇ ಎತ್ತರದ ತುದಿ. ಅಲ್ಲಿಂದ ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿವರೆಗೆ ಕುದುರೆ ಲಾಳದಂತೆ ಬಾಗಿದ ಬೆಟ್ಟಸಾಲು. ಅದರ ನೆತ್ತಿಯೆಲ್ಲ ಹುಲ್ಲು, ಕಣಿವೆಯ ಮಡಿಕೆಗಳಲ್ಲಿ ಮಾತ್ರ ಒತ್ತಾದ ಕಾಡು. ಪುಸ್ತಕದವರು ಶೋಲ ಅನ್ನುತ್ತಾರೆ, ಮಲೆನಾಡಿನವರು ಕಾನು ಅನ್ನುತ್ತಾರೆ. ಈ ಬೆಟ್ಟಗಳನ್ನು ನೋಡಿ "ಅಯ್ಯೋ, ಮರ ಕಡಿದು ಬೋಳು ಮಾಡಿದ್ದಾರೆ" ಎಂದು ಮರುಗುವ ಪ್ರವಾಸಿಗಳನ್ನು ನಾನೇ ಕಂಡಿದ್ದೇನೆ. ಮರುಕ ಒಳ್ಳೆಯದೇ. ಆದರೆ ಆ ಹುಲ್ಲು ಯಾರೂ ಕಡಿದು ಆದದ್ದಲ್ಲ. ನೀಲಗಿರಿ ಬೆಟ್ಟದ ಇಂಥದೇ ಹುಲ್ಲು-ಶೋಲಗಳ ನಡುವಿನ ಜೌಗು ನೆಲದಲ್ಲಿ ಪದರ ಪದರವಾಗಿ ಕೂತ ಪೀಟ್ ಮಣ್ಣನ್ನು, ಅಂದರೆ ಅರೆಕೊಳೆತ ಗಿಡಗಂಟಿಯ ಮಣ್ಣನ್ನು ತೆಗೆದು, ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧವಾದದ್ದು. ಮಣ್ಣಿನ ಇಂಗಾಲ ಹುಲ್ಲಿನದೋ ಮರದ್ದೋ ಎಂದು ಅಳೆದು ನೋಡಿದರೆ, ಹಿಮಯುಗದ ಕಾಲಕ್ಕೇ, ಅಂದರೆ ಇಪ್ಪತ್ತು ಸಾವಿರ ವರ್ಷದ ಸುಮಾರಿಗೇ, ಅಲ್ಲಿ ಹುಲ್ಲು ಹರಡಿತ್ತು. ಕೊಡಲಿ ಹಿಡಿದ ರೈತ ಹುಟ್ಟುವ ಎಷ್ಟೋ ಮೊದಲು. ಹವೆ ಒಣಗಿದಾಗ ಹುಲ್ಲು ಮುಂದೆ ಬಂತು, ತೇವ ಹೆಚ್ಚಿದಾಗ ಕಾಡು ಮುಂದೆ ಬಂತು. ಈ ಹಗ್ಗಜಗ್ಗಾಟ ನಡೆದೇ ಇದೆ.

ಈ ಹುಲ್ಲಿನ ನೆತ್ತಿಯಿಂದಲೇ ನಮಗೆ ನೀರು. ಬಾಬಾಬುಡನ್ ಬೆಟ್ಟದಿಂದ ವೇದಾ, ಆವತಿ ಹೊಳೆಗಳು ಪೂರ್ವಕ್ಕೆ ಇಳಿದು ಕಡೂರು ಸೀಮೆಯಲ್ಲಿ ವೇದಾವತಿಯಾಗುತ್ತವೆ. ಸಖರಾಯಪಟ್ಟಣದ ಅಯ್ಯನಕೆರೆ ತುಂಬುವುದು ಈ ಬೆಟ್ಟಸಾಲಿನ ನೀರಿನಿಂದ. ಯಗಚಿ ಅದೇ ಬೆಟ್ಟದಲ್ಲಿ ಹುಟ್ಟಿ ಬೇಲೂರು ದಾಟಿ ಹೇಮಾವತಿ ಸೇರುತ್ತದೆ. ಹೇಮಾವತಿ ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನ ದುರ್ಗದ ಬಳಿ, ಇನ್ನೊಂದು ಹುಲ್ಲಿನ ಬೆಟ್ಟದ ಮಗ್ಗುಲಲ್ಲಿ ಹುಟ್ಟುತ್ತದೆ. ಇಳಿಜಾರಿನ ಹುಲ್ಲು ಮಳೆಯ ನೀರನ್ನು ತಾನೇ ಹೆಚ್ಚು ಕುಡಿಯದೆ ಕೆಳಕ್ಕೆ ಬಿಡುತ್ತದೆ. ವರ್ಷವಿಡೀ ಹಸಿರಾಗಿದ್ದು ಬೇಗ ಬೆಳೆಯುವ ಮರ ಹಾಗಲ್ಲ. ನೀಲಗಿರಿ ಬೆಟ್ಟದ ಗ್ಲೆನ್‌ಮಾರ್ಗನ್‌ನಲ್ಲಿ ಒಂದು ಹುಲ್ಲಿನ ಕಣಿವೆಯ ಭಾಗಕ್ಕೆ ನೀಲಗಿರಿ ಮರ ನೆಟ್ಟು, ಪಕ್ಕದ ಹುಲ್ಲಿನ ಕಣಿವೆಯನ್ನು ಹಾಗೇ ಬಿಟ್ಟು ಎರಡೂ ಹಳ್ಳದ ನೀರನ್ನು ಅಳೆದರು. ಮೊದಲ ಹತ್ತು ವರ್ಷದ ಸುತ್ತಿನಲ್ಲಿ ಮರದ ಕಣಿವೆಯ ನೀರು ಶೇ 16ರಷ್ಟು ಇಳಿಯಿತು. ದಕ್ಷಿಣ ಆಫ್ರಿಕಾದವರು 1995ರಿಂದ ಸರ್ಕಾರಿ ಖರ್ಚಿನಲ್ಲೇ ಹೊರಗಿನ ಮರಗಳನ್ನು ಕಡಿಸುತ್ತಿದ್ದಾರೆ, ಹೊಳೆಯ ನೀರು ಉಳಿಯಲಿ ಎಂದು. ಮರ ಕಡಿಯುವುದೂ ಪರಿಸರದ ಕೆಲಸವಾಗಬಹುದು ಎಂದು ನಮ್ಮ ವನಮಹೋತ್ಸವದ ವೇದಿಕೆಯಲ್ಲಿ ಹೇಳಿದರೆ ಮೈಕ್ ಕಿತ್ತುಕೊಳ್ಳುತ್ತಾರೆ.

ನಮ್ಮಲ್ಲಿ ನಡೆದದ್ದು ಎದುರು ದಿಕ್ಕಿಗೆ. ಕುದುರೆಮುಖದ ಗಣಿ ಕಾಲದಲ್ಲಿ ಹುಲ್ಲಿನ ಇಳಿಜಾರುಗಳಲ್ಲೂ ಅಕೇಶಿಯಾ ಎದ್ದಿತು. ಬಯಲಿನ ಗೋಮಾಳಗಳಿಗೆ ನೀಲಗಿರಿ ಬಂದಿತು. 1983ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಸಾಮಾಜಿಕ ಅರಣ್ಯ ಯೋಜನೆ ಶುರುವಾದಾಗ, ಜನರಿಗೆ ಸೌದೆ ಮೇವು ಸಿಗಲಿ ಎಂಬುದು ಕಾಗದದ ಮೇಲಿನ ಮಾತು. ನೆಟ್ಟದ್ದು ದನ ಮೂಸಿಯೂ ನೋಡದ ಮರ. ದನ ತಿನ್ನುವುದಿಲ್ಲ, ಬೇಲಿ ಬೇಡ, ಕಾವಲುಗಾರ ಬೇಡ ಎಂಬುದೇ ಅದರ ದೊಡ್ಡ ಗುಣ ಎಂದು ಹೊಗಳಿದರು. ಕಾಯಬೇಕಿಲ್ಲದ ಮರವನ್ನು ಕಾವಲಿಗೇ ನೆಟ್ಟರು ಎಂದು ಯಾರಿಗೂ ನಗು ಬಂದಂತಿಲ್ಲ.

ನಗು ಬಾರದಿದ್ದರೂ ಸಿಟ್ಟು ಬಂದಿತು. ಹಳ್ಳಿಯವರ ಸಾಮೂಹಿಕ ನೆಲವನ್ನು ಪಾಳು ಎಂದು ಕರೆದು ಕಾರ್ಖಾನೆಯ ನಾರಿಗೆ ಮರ ಬೆಳೆಸುವ ಕಂಪನಿಗೆ ಕೊಡಲು ಹೊರಟಾಗ, 1987ರ ನವೆಂಬರ್ 14ರಂದು ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಸಸಿ ಹಚ್ಚಿದರು. ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ ಎಂದೇ ಅದರ ಹೆಸರು. ಸುಪ್ರೀಂ ಕೋರ್ಟಿಗೆ ಹೋದ ಅರ್ಜಿದಾರರಲ್ಲಿ ಶಿವರಾಮ ಕಾರಂತರೂ ಇದ್ದರು. 1991ರಲ್ಲಿ ಆ ಕಂಪನಿ ಬಾಗಿಲು ಹಾಕಿತು. ಪಾರಿಭಾಷಿಕ ಪದ ಒಂದರ ವಿರುದ್ಧ ಕನ್ನಡನಾಡಿನಲ್ಲಿ ನಡೆದ ಸತ್ಯಾಗ್ರಹ ಅದೊಂದೇ ಇರಬೇಕು ಎಂದು ನನಗೆ ಅನ್ನಿಸುತ್ತದೆ. 'ಇದು ಪಾಳಲ್ಲ, ನಮ್ಮದು' ಎಂಬುದೇ ಅದರ ವಾದದ ತಿರುಳು.

ಇಷ್ಟೆಲ್ಲ ಆದಮೇಲೂ ಪದ ಸಾಯಲಿಲ್ಲ. ಕಾವಲನ್ನು ಖಾಲಿ ಎಂದು ನೋಡುವ ಕಣ್ಣು ಮರಕ್ಕೆ ಮಾತ್ರ ಸೀಮಿತವಲ್ಲ. ಚಿತ್ರದುರ್ಗದ ಚಳ್ಳಕೆರೆ ತಾಲ್ಲೂಕಿನ ಕಾವಲುಗಳಲ್ಲಿ ಸುಮಾರು ಹತ್ತು ಸಾವಿರ ಎಕರೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶದ ಸಂಸ್ಥೆಗಳಿಗೆ ಹೋಯಿತು. ಕುರಿಗಾಹಿಗಳಿಗೆ ಗೋಡೆ ಎದ್ದಮೇಲೆ ಸುದ್ದಿ ತಿಳಿಯಿತು.

ಇನ್ನೊಂದು ಮಗ್ಗುಲೂ ಇದೆ, ಅದನ್ನು ಬಿಟ್ಟರೆ ನನ್ನ ಕಡೂರಿನ ನೆಂಟರು ನನ್ನನ್ನು ಮನೆಗೆ ಸೇರಿಸುವುದಿಲ್ಲ. ಭೂಮಿ ಇಲ್ಲದವನಿಗೆ ಖರಾಬು, ಗೋಮಾಳಗಳೇ ಉಳಿದಿದ್ದ ದಾರಿ. ಬಗರ್ ಹುಕುಂ, ಅಂದರೆ ಅಪ್ಪಣೆಯಿಲ್ಲದೆ ಸರ್ಕಾರಿ ನೆಲ ಉತ್ತು, ಅದನ್ನು ಸಕ್ರಮ ಮಾಡಿಕೊಡಿ ಎಂದು ನಮೂನೆ 50, 53, 57ರಲ್ಲಿ ಅರ್ಜಿ ಹಾಕಿ, ತಲೆಮಾರು ಕಾಯ್ದವರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ಮಲೆನಾಡಿನಲ್ಲಿ ಹುಲ್ಲುಬನ್ನಿ ಖರಾಬು ಎಂಬ ಹುಲ್ಲುನೆಲದ ವರ್ಗದಲ್ಲಿ ಹತ್ತು ಗುಂಟೆ ಕಾಫಿ ಹಾಕಿಕೊಂಡ ಕೂಲಿಯವನೂ ಇದ್ದಾನೆ, ಅದೇ ವರ್ಗದಲ್ಲಿ ಬೆಟ್ಟದ ಇಡೀ ಮಗ್ಗುಲನ್ನೇ ನುಂಗಿದ ಎಸ್ಟೇಟೂ ಇದೆ. ಇಬ್ಬರನ್ನೂ 'ಒತ್ತುವರಿದಾರ' ಎಂಬ ಒಂದೇ ಪದದಲ್ಲಿ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಹುಲ್ಲಿನ ಪರ ಮಾತಾಡುವವರು ಮೊದಲು ನೂರು ದನಕ್ಕೆ 30 ಎಕರೆ ಗೋಮಾಳ ಇರಬೇಕು ಎಂಬ ಆ 1966ರ ನಿಯಮವನ್ನೇ ಹಿಡಿದು ಕೇಳಲಿ. ಯಾವ ಊರಿನಲ್ಲಿ ಅಷ್ಟಿದೆ, ಇಲ್ಲದಿದ್ದರೆ ಯಾರ ಬಳಿ ಹೋಯಿತು ಎಂದು. ಹತ್ತು ಗುಂಟೆಯವನ ಮನೆ ಬಾಗಿಲಿಗೆ ಆಮೇಲೆ ಬರಲಿ.

ಬ್ಯಾಂಕಿನಲ್ಲಿದ್ದಾಗ ಕುರಿ ಸಾಲಕ್ಕೆ ಬರುತ್ತಿದ್ದ ಅಜ್ಜ ಒಬ್ಬರಿದ್ದರು. ಅವರ ಹೆಸರಿಗೆ ಇದ್ದದ್ದು ಒಂದು ಎಕರೆ ಚಿಲ್ಲರೆ, ಅದರಲ್ಲೂ ಖರಾಬು ಕಳೆದರೆ ಮುಕ್ಕಾಲು. "ಅಜ್ಜ, ಇಷ್ಟು ಕಮ್ಮಿ ಜಮೀನಿಟ್ಕೊಂಡು ಇಷ್ಟು ಕುರಿ ಹೆಂಗೆ ಮೇಯಿಸ್ತೀರ?" ಎಂದು ಅರ್ಜಿ ತುಂಬುತ್ತಾ ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಕುರಿ ಹೊಲದಾಗೆ ಯಾಕ್ ಮೇಯ್ತವೆ ಸ್ವಾಮಿ? ಕಾವಲೈತಲ್ಲ," ಅಂದರು. ಅರ್ಜಿಯಲ್ಲಿ 'ಮೇವಿನ ಮೂಲ' ಎಂಬ ಖಾನೆ ಇತ್ತು. ಸ್ವಂತ ಜಮೀನು, ಖರೀದಿ ಎಂದು ಎರಡೇ ಆಯ್ಕೆ. ಕಾವಲಿಗೆ ಅಲ್ಲಿ ಜಾಗವಿಲ್ಲ. 'ಖರೀದಿ' ಎಂದು ಗುರುತು ಹಾಕಿ ಸಾಲ ಕೊಟ್ಟೆವು. ಹೀಗೆ ಆ ಕಾವಲಿನ ಹುಲ್ಲು ಮೂರನೇ ಕಾಲಮಿನಲ್ಲಿ ಸಿಗಲಿಲ್ಲ, ಬ್ಯಾಂಕಿನ ಅರ್ಜಿಯಲ್ಲೂ ಸಿಗಲಿಲ್ಲ. ಅಜ್ಜ ಕಂತು ಮಾತ್ರ ತಪ್ಪಿಸಲಿಲ್ಲ.

ನಿವೃತ್ತಿಯಾದ ಮೇಲೆ ಊರಿನ ಗ್ರಾಮಸಭೆಗೆ ಹೋಗುವ ಚಟ ಹತ್ತಿದೆ. ಕೆಲವು ವರ್ಷದ ಹಿಂದೆ ಒಂದು ಸಭೆಯಲ್ಲಿ ಊರಿನ ಮೇಲ್ಗಡೆಯ ಗೋಮಾಳದಲ್ಲಿ ಸಸಿ ನೆಡುವ ವಿಷಯ ಬಂತು. ಅಧಿಕಾರಿಗಳು ಒಳ್ಳೆಯ ಮನಸ್ಸಿನವರೇ. ತಾಲ್ಲೂಕನ್ನು ಹಸಿರು ಮಾಡಬೇಕು ಎಂಬ ಆಸೆ ಅವರ ಮಾತಿನಲ್ಲಿ ಕಾಣುತ್ತಿತ್ತು. "ಖಾಲಿ ಬಿದ್ದಿರೋ ಜಾಗ, ಉಪಯೋಗ ಆಗ್ಲಿ," ಅಂದರು.

ಹಿಂದಿನ ಸಾಲಿನಲ್ಲಿ ಕಂಬಳಿ ಹೊದ್ದು ಕೂತವರೊಬ್ಬರು ಎದ್ದರು. "ಖಾಲಿ ಎಲ್ಲೈತೆ ಸ್ವಾಮಿ, ನಮ್ ಕುರಿ ನಿಂತವಲ್ಲ."

"ಮರ ಬಂದ್ರೆ ನಿಮ್ ಕುರಿಗೇ ನೆರಳಲ್ವಾ?"

"ನೆರಳು ತಿನ್ನಲ್ಲ ಅವು."

ಸಭೆ ನಕ್ಕಿತು, ಅಧಿಕಾರಿಯೂ ನಕ್ಕರು. ನಾನು ಎದ್ದು, ಹೊಂಗೆ, ಹುಣಸೆ, ನೇರಳೆಯನ್ನು ಕೆರೆ ಏರಿಯ ಕೆಳಗೆ, ಶಾಲೆಯ ರಸ್ತೆಗೆ, ಹಳ್ಳದ ದಡಕ್ಕೆ ಹಾಕೋಣ, ಮೇಲಿನ ಹುಲ್ಲನ್ನು ಬಿಡೋಣ ಎಂದೆ. ಬೇಕಾದರೆ ಮಳೆ ಬಿದ್ದ ಮೇಲೆ ಎರಡು ತಿಂಗಳು ಒಂದು ಭಾಗಕ್ಕೆ ದನ ಕುರಿ ಬಿಡದೆ ಬೀಜ ಉದುರಲು ಬಿಡೋಣ. ಹಿಂದಿನವರು ಕಾವಲು ಮಾಡಿದ್ದು ಹಾಗೇ ಅಲ್ಲವೆ ಎಂದೂ ಕೇಳಿದೆ. ಎಲ್ಲರೂ ತಲೆದೂಗಿದರು. ನಡಾವಳಿ ಪುಸ್ತಕದಲ್ಲಿ 'ಸಭೆಯು ಸವಿಸ್ತಾರವಾಗಿ ಚರ್ಚಿಸಿ ಒಪ್ಪಿತು' ಎಂದು ಬರೆದರು. ಏನನ್ನು ಒಪ್ಪಿತು ಎಂಬುದು ಮುಂದಿನ ಮಾರ್ಚಿನಲ್ಲಿ ಗೊತ್ತಾಯಿತು, ಮೇಲಿನ ಗೋಮಾಳದಲ್ಲಿ ಜೆಸಿಬಿ ಸದ್ದು ಕೇಳಿದಾಗ.

ಗುಂಡಿ ಸಾಲಾಗಿ ತೋಡಿದರು, ಅಳತೆಯ ಪ್ರಕಾರ, ಬಿಲ್ಲೂ ಆಯಿತು. ಆ ವರ್ಷ ಸಸಿ ಬರಲಿಲ್ಲ. ಮುಂದಿನ ವರ್ಷವೂ ಬರಲಿಲ್ಲ; ಅನುದಾನ ಬೇರೆ ಕಡೆ ಹೋಯಿತಂತೆ. ತೋಡಿ ಎತ್ತಿಹಾಕಿದ ಕೆಂಪು ಮಣ್ಣಿನ ಗುಡ್ಡೆಗಳ ಮೇಲೆ ಹುಲ್ಲು ಏಳಲಿಲ್ಲ, ಪಾರ್ಥೇನಿಯಂ ಎದ್ದಿತು. ಮಳೆಗಾಲದಲ್ಲಿ ಹುಲ್ಲು ಬೆಳೆದು ಗುಂಡಿಯ ಬಾಯಿ ಮುಚ್ಚಿದರೆ ಮರಿಗಳು ಬಿದ್ದು ಕಾಲು ಮುರಿದುಕೊಳ್ಳುತ್ತವೆ ಎಂದು ಕುರಿಯವರು ಗ್ರಾಮಸಭೆಯಲ್ಲಿ ಅರ್ಜಿ ಕೊಟ್ಟಿದ್ದಾರೆ, ಗುಂಡಿ ಮುಚ್ಚಿಸಿಕೊಡಿ ಎಂದು. ಅರ್ಜಿ ಬರೆದುಕೊಟ್ಟವನು ನಾನೇ. ಗುಂಡಿ ತೋಡುವುದಕ್ಕೆ ಲೆಕ್ಕಶೀರ್ಷಿಕೆ ಇದೆ, ಮುಚ್ಚುವುದಕ್ಕೆ ಇಲ್ಲ, ಮೇಲಿನವರನ್ನು ಕೇಳಿ ತಿಳಿಸುತ್ತೇವೆ ಎಂದು ಉತ್ತರ ಬಂದಿದೆ. ಸದ್ಯಕ್ಕೆ ಹುಡುಗರು ಒಂದೊಂದು ಗುಂಡಿಯ ಪಕ್ಕಕ್ಕೂ ಜಾಲಿಯ ಕಡ್ಡಿ ನೆಟ್ಟು ಗುರುತು ಮಾಡಿಕೊಂಡಿದ್ದಾರೆ.